ಕ್ಯಾಲೆಂಡರಿನಲ್ಲಿ ನಕ್ಕ ತಪ್ಪಿಗೆ

ನಗುತ್ತಿರುವವರ ಫೋಟೋ ಕಂಡರೆ ನಾನು ಮೊದಲು ನೋಡುವುದು ಮುಖವನ್ನಲ್ಲ, ಕೈಯನ್ನು. ಕೈ ಖಾಲಿಯಿದ್ದರೆ ಸರಿ, ಏನೋ ಸಂತೋಷಕ್ಕೆ ನಕ್ಕಿದ್ದಾರೆ ಅಂದುಕೊಳ್ಳುತ್ತೇನೆ. ಕೈಯಲ್ಲಿ ಬಾಟಲಿಯೋ ಲೋಟವೋ ಇದ್ದರೆ ಮಾತ್ರ ನನಗೆ ಇರುಸುಮುರುಸು ಶುರುವಾಗುತ್ತದೆ. ಮೊನ್ನೆ ಪಕ್ಕದ ಮನೆಯವರು ಮಗಳ ಮದುವೆಯ ಆಲ್ಬಂ ತೋರಿಸಲು ಕರೆದಿದ್ದರು. ಬೀಗರು ಜ್ಯೂಸ್ ಹಿಡಿದು ಹಲ್ಲು ಬಿಟ್ಟಿದ್ದ ಒಂದು ಫೋಟೋ ಬಂತು. "ಇದರಲ್ಲಿ ನಿಜವಾಗಿ ಏನಿತ್ತು?" ಎಂದು ನಾನು ಕೇಳಿಬಿಟ್ಟೆ. ಮನೆಯವರ ಮುಖ ಸಣ್ಣಗಾಯಿತು. ನನ್ನ ಹೆಂಡತಿ ಜಯ ನನ್ನ ಮೊಣಕೈ ಚಿವುಟಿ, "ಇವರಿಗೆ ಅದೊಂದು ಹಳೇ ಕಾಯಿಲೆ, ಏನೂ ಅಂದ್ಕೋಬೇಡಿ" ಎಂದು ಹೇಳಿ ಎಬ್ಬಿಸಿಕೊಂಡು ಬಂದಳು. ಆ ಕಾಯಿಲೆ ಹತ್ತಿದ್ದು ಹೇಗೆ ಎಂಬುದನ್ನು ನಾನು ಯಾರ ಮುಂದೆಯೂ ಪೂರ್ತಿಯಾಗಿ ಹೇಳಿಕೊಂಡಿಲ್ಲ. ನಿಮ್ಮ ಮುಂದೆ ಹೇಳಿಬಿಡುತ್ತೇನೆ. ನಗು ಬಂದರೆ ನಗಿ, ನನಗೆ ಬೇಜಾರಿಲ್ಲ. ನಗಿಸುವುದೇ ಆಗ ನನ್ನ ಕಸುಬಾಗಿತ್ತು.

ತೊಂಬತ್ತರ ದಶಕದಲ್ಲಿ ಟಿವಿ ಹಾಕಿದರೆ ಸಾಕು, ದೊಡ್ಡ ದೊಡ್ಡವರೆಲ್ಲ ಬಾಟಲಿ ಹಿಡಿದುಕೊಂಡೇ ಕಾಣುತ್ತಿದ್ದರು. ಓವರು ಮುಗಿಯುವುದೇ ತಡ, ಈಗಷ್ಟೇ ಬೌಂಡರಿ ಹೊಡೆದ ಆಟಗಾರ ತಂಪು ಪಾನೀಯ ಕುಡಿಯುತ್ತಿದ್ದ. ಸಿನಿಮಾ ನಾಯಕ ಬಾಟಲಿಗೋಸ್ಕರ ಬೆಟ್ಟದಿಂದ ಹಾರುತ್ತಿದ್ದ. ಅವರು ಆಗ ಹೇಳುತ್ತಿದ್ದದ್ದು ಬಾಯಾರಿಕೆ, ಮೋಜು, ಇಷ್ಟೇ. ಆಮೇಲೆ ಡಾಕ್ಟರುಗಳು ಮುಖ ಗಂಟಿಕ್ಕಲು ಶುರುಮಾಡಿದರು ನೋಡಿ, ಅದೇ ಮಂದಿ 'ಆರೋಗ್ಯ' ಎನ್ನುವುದನ್ನು ಕಲಿತರು. ಹಣ್ಣಿನ ರಸವಂತೆ, ಗಿಡಮೂಲಿಕೆಯಂತೆ, ಜೇನಂತೆ. ಬಾಟಲಿ ಅದೇ, ನಗುವೂ ಅದೇ, ಚೀಟಿಯ ಮೇಲಿನ ಹಸಿರು ಎಲೆ ಮಾತ್ರ ಹೊಸದು. ನಾನು ಕುರ್ಚಿಯಲ್ಲಿ ಕೂತು ಅವರನ್ನೆಲ್ಲ ಬಾಯಿಗೆ ಬಂದಂತೆ ಬಯ್ಯುತ್ತಿದ್ದೆ. "ಅವರಿಗೆ ಕೇಳಿಸಲ್ಲ ರೀ, ಕಾಫಿ ಆರ್ತಿದೆ ಕುಡೀರಿ" ಎನ್ನುತ್ತಿದ್ದಳು ಜಯ. ಹೀಗೆ ಬಯ್ಯುತ್ತಿದ್ದ ನಾನು ಮುಂದೊಂದು ದಿನ ಅವರ ಸಾಲಿಗೇ ಸೇರಿದೆ. ಸಾಲಿನ ತೀರಾ ಕೊನೆಯಲ್ಲಿ, ನಿಜ. ಆದರೂ ಸಾಲು ಸಾಲೇ.

ನಾನು ಎಸ್ಸೆಸ್ಸೆಲ್ಸಿ ಮಾಡಿ, ಬಿನ್ನಿಪೇಟೆ ಕಡೆಯ ಒಂದು ಮಿಲ್ಲಿನಲ್ಲಿ ಟೈಮ್‌ಕೀಪರ್ ಆಗಿದ್ದವನು. ಮೂವತ್ತು ವರ್ಷ ಜನರು ತಡವಾಗಿ ಬಂದದ್ದನ್ನು ಬರೆದುಕೊಂಡೆ. ಅಂಥವನನ್ನು ನೋಡಿ ಯಾರೂ ನಕ್ಕಿರಲಿಲ್ಲ, ಅವನೂ ನಕ್ಕಿರಲಿಲ್ಲ. ನಿವೃತ್ತಿಯಾಗಿ ಬಸವನಗುಡಿಯ ನಮ್ಮ ಪಾರ್ಕಿಗೆ ಬೆಳಗಿನ ವಾಕಿಂಗ್ ಹೋಗತೊಡಗಿದಾಗ ಅಲ್ಲೊಂದು ನಗೆಕೂಟ ಹುಟ್ಟಿಕೊಂಡಿತ್ತು. ನೀವೂ ಕಂಡಿರುತ್ತೀರಿ: ಮಫ್ಲರ್ ಕಟ್ಟಿಕೊಂಡ ಹಿರಿಯರು ಗುಂಡಗೆ ನಿಂತು, ಕಾರಣವೇ ಇಲ್ಲದೆ ಹಹ್ಹಹ್ಹಾ ಎನ್ನುವುದು. ಮೊದಲನೇ ದಿನವೇ ನನ್ನೊಳಗೆ ಮೂವತ್ತು ವರ್ಷ ಕೂಡಿಟ್ಟಿದ್ದ ನಗು ಮಿಲ್ಲಿನ ಸೈರನ್ನಿನ ಹಾಗೆ ಹೊರಬಿತ್ತು. ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ಒಂದು ತಿಂಗಳೊಳಗೆ ನಾನೇ ಕೂಟದ ಮುಖಂಡ. ಕೇಬಲ್ ಟಿವಿಯವರು ಬಂದು ಚಿತ್ರ ಹಿಡಿದ ಮೇಲಂತೂ ಗಾಂಧಿ ಬಜಾರಿನಲ್ಲಿ ಹೂವಿನವರು ಕೂಡ "ನಗೆ ಶಾಮಣ್ಣನೋರೇ, ಒಂದ್ಸಲ ನಕ್ಕು ಹೋಗಿ" ಎನ್ನುತ್ತಿದ್ದರು. ನಾನು ನಕ್ಕು ಹೋಗುತ್ತಿದ್ದೆ. ಎರಡು ಮೊಳ ಮಲ್ಲಿಗೆ ಜಾಸ್ತಿ ಕೊಡುತ್ತಿದ್ದರು.

ನಮ್ಮ ನಗುಗಳಿಗೆ ನಂಬರುಗಳಿದ್ದವು. ಒಂದನೆಯದು ನಮಸ್ಕಾರದ ನಗೆ. ಎರಡನೆಯದು ಸಿಂಹ ನಗೆ, ನಾಲಗೆ ಪೂರ್ತಿ ಹೊರಚಾಚಿ ಪಂಜ ಎತ್ತುವುದು. ಮೂರನೆಯದು ಕಾಫಿ ನಗೆ. ಎಡಗೈಯಲ್ಲಿ ಇಲ್ಲದ ಲೋಟ, ಬಲಗೈಯಲ್ಲಿ ಇಲ್ಲದ ಇನ್ನೊಂದು ಲೋಟ. ಇಲ್ಲದ ಕಾಫಿಯನ್ನು ಅತ್ತಿಂದಿತ್ತ ಸುರಿದು ಆರಿಸಿ, ತಲೆ ಎತ್ತಿ ಗಟಗಟ ಕುಡಿದು ನಗಬೇಕು. ಈಗ ಯೋಚಿಸಿದರೆ, ನಾನು ಜೀವಮಾನದಲ್ಲಿ ಜನಕ್ಕೆ ಕುಡಿಸಿದ ಪಾನೀಯಗಳಲ್ಲಿ ಆರೋಗ್ಯಕ್ಕೆ ಒಳ್ಳೆಯದೆಂದರೆ ಅದೊಂದೇ. ಅದರಲ್ಲಿ ಏನೂ ಇರಲಿಲ್ಲ.

ಕೂಟದಲ್ಲಿ ನನ್ನ ಬಲಕ್ಕೆ ನಿಲ್ಲುತ್ತಿದ್ದವನು ನಂಜುಂಡ. ಮಿಡ್ಲ್ ಸ್ಕೂಲಿನಿಂದ ನನ್ನ ಜೊತೆಗಾರ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಅಳತೆಪಟ್ಟಿಯಿಲ್ಲದೆ ನೇರ ಗೆರೆ ಎಳೆಯುವ ಕೈ ಅವನದು. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಹೆಂಡತಿ ಕಮಲಮ್ಮ ಅವನ ಕಾಫಿಗೆ, ಪಾಯಸಕ್ಕೆ, ಕೊನೆಗೆ ದೇವಸ್ಥಾನದ ಪಂಚಾಮೃತಕ್ಕೂ ಕಾವಲು. ಅವನೂ ಎದುರಾಡುತ್ತಿರಲಿಲ್ಲ. ಆದರೆ ವರ್ಷಕ್ಕೊಂದು ದಿನ, ರಾಮನವಮಿಗೆ, ಬೀದಿಬೀದಿಯಲ್ಲಿ ಪೆಂಡಾಲ್ ಹಾಕಿ ಪಾನಕ, ಕೋಸಂಬರಿ ಹಂಚುವಾಗ ಅವನು ಕೋಸಂಬರಿ ಮಾತ್ರ ತೆಗೆದುಕೊಂಡು ಪಾನಕದ ಹಂಡೆಯನ್ನು ಒಂದು ನಿಮಿಷ ನೋಡುತ್ತಿದ್ದ. ಏಲಕ್ಕಿ, ಬೆಲ್ಲ, ನಿಂಬೆಯ ವಾಸನೆಯನ್ನು ಮೂಗಿನಲ್ಲಿ ಎಳೆದುಕೊಂಡು, "ಆಯ್ತು, ನಡಿ" ಎನ್ನುತ್ತಿದ್ದ. ನನಗೆ ಅದನ್ನು ನೋಡಿ ಪ್ರತಿ ವರ್ಷವೂ ಪಿಚ್ಚೆನ್ನಿಸುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು. ಒಂದು ದಿನ ಕಾಫಿ ನಗೆ ನಡೆಯುತ್ತಿದ್ದಾಗ ಟೈ ಕಟ್ಟಿದ ಒಬ್ಬ ಮ್ಯಾನೇಜರು ಬಂದು ನಿಂತ. 'ಸಿರಿತಂಪು' ಎಂಬ ಹೊಸ ಪಾನೀಯವಂತೆ. ಸೊಗದೆ ಬೇರು, ನೆಲ್ಲಿಕಾಯಿ, ಬೆಲ್ಲ, ಬುರುಬುರು ಗ್ಯಾಸು. "ಸರ್, ದೊಡ್ಡ ಸ್ಟಾರುಗಳು ನಮಗೆ ಬೇಡ. ಜನ ನಂಬೋ ಮುಖ ಬೇಕು. ಹೊಸ ವರ್ಷದ ಕ್ಯಾಲೆಂಡರಿಗೆ ನಿಮ್ಮ ನಗು ಕೊಡಿ" ಎಂದ. 'ಜನ ನಂಬೋ ಮುಖ' ಎಂದನಲ್ಲ, ಅಷ್ಟು ಸಾಕಾಯಿತು. ಮನೆಗೆ ಹೋಗಿ ಕನ್ನಡಿಯಲ್ಲಿ ನೋಡಿಕೊಂಡೆ. ಹೌದಲ್ಲ ಅನ್ನಿಸಿತು.

ಚಾಮರಾಜಪೇಟೆಯ ಒಂದು ಸ್ಟುಡಿಯೋದಲ್ಲಿ ಫೋಟೋ. ಎಡಗೈಯಲ್ಲಿ ಬಾಟಲಿ, ಬಲಗೈಯಲ್ಲಿ ಲೋಟ, ಹೆಗಲ ಮೇಲೆ ಜರಿಯ ಶಲ್ಯ. ಬಿಸಿ ದೀಪಗಳ ಮುಂದೆ ಸಿರಿತಂಪಿನ ನೊರೆ ಕ್ಷಣದಲ್ಲಿ ಇಳಿದುಹೋಗುತ್ತಿತ್ತು. ಫೋಟೋಗ್ರಾಫರ್ ಒಳಗೆ ಹೋಗಿ ಬೇರೆ ಲೋಟ ತಂದ. ನೀರು ಬೆರೆಸಿದ ಕಾಫಿ ಡಿಕಾಕ್ಷನ್ನು, ಮೇಲೆ ಅಂಟುವಾಳದ ಕಾಯಿ ಕದಡಿದ ನೊರೆ. "ಕುಡೀಬೇಡಿ ಸಾರ್, ನಗಿ ಅಷ್ಟೇ" ಎಂದ. ನಾನು ನಕ್ಕೆ. ನನ್ನ ಜೀವನದ ಅತ್ಯುತ್ತಮ ನಗು ಅದು. ಹಲ್ಲು, ಕಣ್ಣು, ಕೆನ್ನೆ, ಶಲ್ಯ ಎಲ್ಲವೂ ನಕ್ಕವು. ಕೆಳಗೆ ಅಚ್ಚು ಹಾಕಿಸಿದರು: 'ನನ್ನ ನಗುವಿನ ಗುಟ್ಟು, ಸಿರಿತಂಪು! ಸಕ್ಕರೆ ಇಲ್ಲ!' ಅಷ್ಟು ಹೊತ್ತಿಗೆ ನಾನು ಆ ಸಿರಿತಂಪಿನ ಒಂದು ತೊಟ್ಟನ್ನೂ ನಾಲಗೆಗೆ ಮುಟ್ಟಿಸಿರಲಿಲ್ಲ.

ಇಲ್ಲಿ ಒಂದು ಮಾತು. ಹರಿಕಥೆಗಳಲ್ಲಿ ಸಮುದ್ರಮಥನದ ಪ್ರಸಂಗ ಕೇಳಿದ್ದೀರಲ್ಲ? ಅಮೃತ ಬಂತು. ಹಂಚಲು ನಿಂತವಳು ಯಾರು? ಮೋಹಿನಿ. ಅಸುರರು ಕೂತದ್ದು ಹೇಗೆ? ಅವಳ ಮುಖ ನೋಡುತ್ತಾ. ಕೊಡ ಎತ್ತ ಹೋಗುತ್ತಿದೆ, ಸೌಟು ಯಾರ ಎಲೆಗೆ ಬಗ್ಗುತ್ತಿದೆ ಎಂದು ಒಬ್ಬನಾದರೂ ನೋಡಿದನೇ? ಲೋಕದ ಮೊದಲ ಪಾನೀಯದ ಜಾಹೀರಾತು ಅದೇ ಎಂದು ನನ್ನ ಅಭಿಪ್ರಾಯ. ವ್ಯತ್ಯಾಸ ಇಷ್ಟೇ: ಮೋಹಿನಿಗೆ ಕೊಡದಲ್ಲಿ ಏನಿದೆ ಎಂದು ಗೊತ್ತಿತ್ತು.

ಜನವರಿಯಲ್ಲಿ ಕ್ಯಾಲೆಂಡರು ಬಂತು. ಮೇಲೆ ನಾನು, ಕೆಳಗೆ ಹನ್ನೆರಡು ತಿಂಗಳು, ರಾಹುಕಾಲ, ಏಕಾದಶಿ, ಅಮಾವಾಸ್ಯೆ ಸಮೇತ. ದಿನಸಿ ಅಂಗಡಿ, ಕ್ಷೌರದಂಗಡಿ, ನರ್ಸಿಂಗ್ ಹೋಂ, ಮನೆಮನೆಯ ಅಡುಗೆಮನೆ, ಎಲ್ಲೆಲ್ಲೂ ನಾನೇ. ಬೀದಿಯಲ್ಲಿ ಹೋಗುವಾಗ ಕಿಟಕಿಗಳಿಂದ ನಾನೇ ನನ್ನನ್ನು ನೋಡಿ ನಗುತ್ತಿದ್ದೆ. ಆ ಮೂರು ತಿಂಗಳು ನನ್ನ ಕಾಲು ನೆಲದ ಮೇಲಿರಲಿಲ್ಲ. ಕೂಟದಲ್ಲಿ ಕಾಫಿ ನಗೆಯನ್ನು ರದ್ದು ಮಾಡಿ ಸಿರಿತಂಪು ನಗೆ ಎಂದು ಹೆಸರಿಟ್ಟೆ ಎಂದರೆ ನೀವೇ ಲೆಕ್ಕ ಹಾಕಿ.

ರಾಮನವಮಿ ಬಂತು. ಕಂಪನಿಯವರು ನಮ್ಮ ಪೆಂಡಾಲಿಗೆ ಪಾನಕದ ಬದಲು ಸಿರಿತಂಪು ಕಳಿಸಿದ್ದರು. ನಾನು ಶಲ್ಯ ಹೊದ್ದು ಹಂಚಲು ನಿಂತಿದ್ದೆ. ನಂಜುಂಡ ಬಂದ, ಕೋಸಂಬರಿ ತೆಗೆದುಕೊಂಡ, ಯಥಾಪ್ರಕಾರ ಒಂದು ನಿಮಿಷ ನಿಂತ.

"ಲೋ ನಂಜುಂಡ, ಕುಡಿಯೋ" ಎಂದೆ.

"ಕಮಲ ಬಿಡಲ್ಲ ಕಣೋ."

"ಓದು, ಇಲ್ಲಿ ಏನು ಬರೆದಿದೆ? ಸಕ್ಕರೆ ಇಲ್ಲ! ಬರೀ ಬೆಲ್ಲ. ಬೆಲ್ಲ ಎಲ್ಲಿ, ಸಕ್ಕರೆ ಎಲ್ಲಿ! ನಮ್ಮಜ್ಜ ದಿನಾ ಒಂದು ಉಂಡೆ ಬೆಲ್ಲ ತಿಂದು ತೊಂಬತ್ತು ವರ್ಷ ಬದುಕಿದ್ದ."

ಅಜ್ಜ ಎಷ್ಟು ವರ್ಷ ಬದುಕಿದ್ದನೋ ನನಗೆ ಗೊತ್ತಿಲ್ಲ. ನಾನು ಹುಟ್ಟುವ ಮೊದಲೇ ಹೋಗಿದ್ದ. ನಂಜುಂಡ ಬಾಟಲಿಯನ್ನು ನೋಡಿದ, ನನ್ನ ಮುಖ ನೋಡಿದ. "ನೀನು ಹೇಳಿದ ಮೇಲೆ ಸರಿ" ಎಂದ. ಕುಡಿದ. ಕಣ್ಣು ಮುಚ್ಚಿಕೊಂಡು, ನಿಧಾನವಾಗಿ, ಹತ್ತು ವರ್ಷದ ಪಾನಕವನ್ನೆಲ್ಲ ಒಟ್ಟಿಗೆ ಕುಡಿಯುವವನ ಹಾಗೆ ಕುಡಿದ. ನನಗೆ ಎಷ್ಟು ಖುಷಿಯಾಯಿತೆಂದರೆ ಇನ್ನೊಂದು ಕೊಟ್ಟೆ. ಅಷ್ಟಕ್ಕೇ ನಿಲ್ಲಲಿಲ್ಲ. ಕಂಪನಿಯವರು ನನಗೆಂದು ಕ್ರೇಟುಗಟ್ಟಲೆ ಕಳಿಸಿದ್ದು ಮನೆಯಲ್ಲಿ ಬಿದ್ದಿತ್ತು. ಜಯ ಅದನ್ನು ಮೂಸಿ ನೋಡಿ ಪಕ್ಕಕ್ಕಿಟ್ಟಿದ್ದಳು. ನಾನೂ ಕೊನೆಗೊಮ್ಮೆ ಕುಡಿದು ನೋಡಿದೆ, ಗಂಟಲಿಗೆ ಅಂಟುವಷ್ಟು ಸಿಹಿ. ಅಷ್ಟು ಸಿಹಿ ಹೇಗೆ ಬಂತು ಎಂದು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ದಿನಾ ಎರಡು ಬಾಟಲಿ ಪಾರ್ಕಿಗೆ ಒಯ್ದು ನಂಜುಂಡನಿಗೆ ಕೊಡತೊಡಗಿದೆ.

ಮೇ ತಿಂಗಳ ಹೊತ್ತಿಗೆ ಅವನು, "ಒಂದು ಗೆರೆ ಎಳೆದರೆ ಎರಡು ಕಾಣ್ತಿದೆ ಕಣೋ" ಎಂದ. "ಒಳ್ಳೇದಾಯ್ತು ಬಿಡು, ಅರ್ಧ ಕೆಲಸ ಉಳೀತು" ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ನಾಲ್ಕು ದಿನ ಬಿಟ್ಟು, ಸಿಂಹ ನಗೆಯ ಸರದಿ. ನಂಜುಂಡ ನಾಲಗೆ ಚಾಚಿದ, ಪಂಜ ಎತ್ತಿದ, ಅತ್ತಿತ್ತ ಓಲಾಡಿದ. ಏನು ಸಿಂಹವಪ್ಪಾ ಎಂದು ನಾವು ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ಮುಗಿಯುವ ಮೊದಲೇ ಸಿಂಹ ಹುಲ್ಲಿನ ಮೇಲೆ ಕುಸಿದಿತ್ತು. ನಾನು ಚಪ್ಪಾಳೆ ತಟ್ಟುತ್ತಿದ್ದೆ.

ನರ್ಸಿಂಗ್ ಹೋಮಿನಲ್ಲಿ ಮೂರು ದಿನ. ಡಾಕ್ಟರು ಬಾಟಲಿಯ ಚೀಟಿ ಓದಿ, "ಬೆಲ್ಲವೂ ರಕ್ತಕ್ಕೆ ಹೋದ ಮೇಲೆ ಸಕ್ಕರೆಯೇ ಸ್ವಾಮಿ. ಇನ್ನು ಸ್ವಲ್ಪ ದಿನ ಹೀಗೇ ಆಗಿದ್ರೆ ಕಣ್ಣೇ ಹೋಗ್ತಿತ್ತು" ಎಂದರು. ನಾನು ಎರಡನೇ ದಿನ ನೋಡಲು ಹೋದೆ. ನಂಜುಂಡನ ಹಾಸಿಗೆಯ ಎದುರು ಗೋಡೆಗೆ ಏನು ತೂಗುಹಾಕಿತ್ತು ಗೊತ್ತೆ? ನಾನು. ಶಲ್ಯ ಹೊದ್ದು, ಲೋಟ ಎತ್ತಿ, ಮಲಗಿದವನ ಮುಖಕ್ಕೇ ಹಲ್ಲು ಬಿಡುತ್ತಿದ್ದೆ. ನಂಜುಂಡ ನನ್ನ ಕಡೆ ನೋಡಲಿಲ್ಲ. ನರ್ಸಮ್ಮನಿಗೆ, "ಅವನನ್ನ ಆ ಕಡೆ ತಿರುಗಿಸಿಬಿಡಿ ತಾಯಿ" ಎಂದ. ಆಕೆ ಕ್ಯಾಲೆಂಡರನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದರು. ಮರುದಿನ ತಾರೀಖು ನೋಡಬೇಕಾಗಿ ಮತ್ತೆ ಈ ಕಡೆ ತಿರುಗಿಸಿದರಂತೆ. ಹೊರಡುವಾಗ ಕಮಲಮ್ಮ ಬಾಗಿಲವರೆಗೆ ಬಂದರು. ಬಯ್ಯಲಿಲ್ಲ. "ಹತ್ತು ವರ್ಷ ನಾನು ಬೇಡ ಅಂದಿದ್ದನ್ನ ಮುಟ್ಟಿರಲಿಲ್ಲ. ನೀವು ಕುಡೀಬಹುದು ಅಂದ್ರಿ, ಕುಡಿದ್ರು" ಎಂದು ಒಳಗೆ ಹೋದರು.

ನಂಜುಂಡ ಮನೆಗೆ ಬಂದ. ಪಾರ್ಕಿಗೆ ಬರಲಿಲ್ಲ. ನನ್ನ ಜೊತೆ ಮಾತು ಬಿಟ್ಟ. ಅದಕ್ಕಿಂತ ಸಂಕಟವೆಂದರೆ, ಕುಂಚ ಮುಟ್ಟುತ್ತಿಲ್ಲ ಎಂದು ಜಯ ಕೇಳಿಕೊಂಡು ಬಂದಳು. ಎರಡು ಗೆರೆ ಕಂಡೀತೆಂಬ ಹೆದರಿಕೆಯಂತೆ. ನನ್ನ ಬಲಕ್ಕೆ ಜಾಗ ಖಾಲಿ. ನಗೆಕೂಟದಲ್ಲಿ ನಾನು ಬಾಯಿ ತೆರೆದರೆ ಕೆಮ್ಮು ಬರುತ್ತಿತ್ತು.

ಹೀಗೇ ಎರಡು ತಿಂಗಳು ಕಳೆಯಿತು. ಏನು ಮಾಡಲಿ? ಕನಿಷ್ಠ ಆ ಕ್ಯಾಲೆಂಡರುಗಳನ್ನಾದರೂ ಇಳಿಸೋಣ ಎಂದು ಹೊರಟೆ. ಕೈಯಲ್ಲಿ ಬದಲಿಗೆ ಕೊಡಲು ದೇವರ ಚಿತ್ರದ ಹಳೇ ದಾಸ್ತಾನಿನ ಕ್ಯಾಲೆಂಡರು. ಅಯ್ಯೋ, ಕ್ಯಾಲೆಂಡರನ್ನು ವರ್ಷದ ನಡುವೆ ಇಳಿಸುವುದಕ್ಕಿಂತ ಸರ್ಕಾರ ಇಳಿಸುವುದು ಸುಲಭ. ಮೊದಲ ಮನೆಯಾಕೆ, "ಗ್ಯಾಸ್ ಸಿಲಿಂಡರ್ ಬಂದ ದಿನ ಎಲ್ಲಾ ಇದರಲ್ಲೇ ಗುರುತು ಮಾಡಿದೀನಿ, ಆಗಲ್ಲ" ಎಂದರು. ಎರಡನೆಯವರು, "ಮೊಮ್ಮಗು ಹುಟ್ಟಿದ ಗಳಿಗೆ ಬರೆದಿದೀನಿ, ಜಾತಕ ಆಗೋವರೆಗೂ ಮುಟ್ಟೋ ಹಾಗಿಲ್ಲ" ಎಂದರು. "ನಿಮ್ಮನ್ನ ನೋಡಿ ಗಿರಾಕಿಗಳು ನಗ್ತಾರೆ ಸಾರ್, ಕೆನ್ನೆ ಉಬ್ಬುತ್ತೆ, ಶೇವ್ ಸಲೀಸು. ಕೊಡೋ ಮಾತೇ ಇಲ್ಲ" ಎಂದ ಕ್ಷೌರದಂಗಡಿಯವನು. ಬಿಸಿಲಲ್ಲಿ ಎರಡು ದಿನ ಅಲೆದು ಇಳಿಸಿದ್ದು ಮೂರೇ ಮೂರು. ಅದರಲ್ಲಿ ಒಂದು ನಮ್ಮ ಮನೆಯದು. ಅದಕ್ಕೂ ಜಯ ಜಗಳ ಆಡಿದಳು.

ಮೂರನೇ ದಿನ ಉಳಿದದ್ದು ನಂಜುಂಡನ ಮನೆ. ಬಾಗಿಲಲ್ಲಿ ಹತ್ತು ನಿಮಿಷ ಚಪ್ಪಲಿ ಬಿಡುತ್ತಾ ನಿಂತೆ. ಕಮಲಮ್ಮ, "ಒಳಗೆ ಬನ್ನಿ" ಎಂದರು. ಅಡುಗೆಮನೆಯ ಗೋಡೆಯಲ್ಲಿ ಇಡ್ಲಿಯ ಹಬೆಗೆ ಮೂಲೆ ಸುರುಟಿಕೊಂಡು ನಾನು ನಗುತ್ತಿದ್ದೆ. ನಂಜುಂಡ ನಡುಮನೆಯ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದ. ಪೇಪರು ಇಳಿಸಲಿಲ್ಲ.

ನಾನು ಆ ಪೇಪರಿಗೇ ಹೇಳಿದೆ. "ನಂಜುಂಡ, ಆ ಫೋಟೋ ತೆಗೆದ ದಿನ ನಾನು ಅದನ್ನ ಕುಡಿದೇ ಇರಲಿಲ್ಲ ಕಣೋ. ಲೋಟದಲ್ಲಿದ್ದದ್ದು ಡಿಕಾಕ್ಷನ್ ನೀರು. ನೊರೆ ಅಂಟುವಾಳದ್ದು. ನಮ್ಮಜ್ಜನ ಮಾತೂ ಸುಳ್ಳು. ಆ ಕ್ಯಾಲೆಂಡರು ಕೊಟ್ಟುಬಿಡು, ಹರಿದುಹಾಕ್ತೀನಿ."

ಅಡುಗೆಮನೆಯಿಂದ ಕಮಲಮ್ಮ, "ಹರಿಯೋದೆಲ್ಲ ಬೇಡ. ಏಕಾದಶಿಗೆಲ್ಲ ಅದರಲ್ಲೇ ಗುರುತು ಹಾಕಿದೀನಿ" ಎಂದರು.

ಆಗ ನಂಜುಂಡ ಪೇಪರು ಮಡಿಸಿಟ್ಟ. ಎದ್ದ. ಬೀರುವಿನಿಂದ ಬಣ್ಣದ ಡಬ್ಬಿ ತೆಗೆದ. ಧೂಳು ಊದಿದ. ಕ್ಯಾಲೆಂಡರನ್ನು ಇಳಿಸಿ ಮೇಜಿನ ಮೇಲೆ ಹಾಸಿ, ಕುಂಚ ಹಿಡಿದು, ಬಹಳ ಹೊತ್ತು ಹಾಗೇ ಕೂತ. ಕಮಲಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಆತ ನನ್ನ ಎಡಗೈಯ ಬಾಟಲಿಯ ಅಂಚಿನಲ್ಲಿ ಮೇಲಿಂದ ಕೆಳಗೆ ಒಂದು ಹಸಿರು ಗೆರೆ ಎಳೆದ. ಕಣ್ಣು ಕಿರಿದು ಮಾಡಿ ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

"ಒಂದೇ ಕಾಣ್ತಿದೆ" ಎಂದ. ನನಗಲ್ಲ, ಕಮಲಮ್ಮನಿಗೆ. ಅವರು ಸೌಟಿನಿಂದಲೇ ಕಣ್ಣೊರೆಸಿಕೊಳ್ಳಲು ಹೋಗಿ, ಹುಳಿ ಮೂಗಿಗೆ ತಗುಲಿ ಸೀನಿದರು.

ಆಮೇಲೆ ಅವನ ಕೈ ಓಡಿತು ನೋಡಿ! ಬಾಟಲಿಯ ಕತ್ತು ತೊಟ್ಟಾಯಿತು, ಹೊಟ್ಟೆಯ ಮೇಲೆ ಉಬ್ಬು ಉಬ್ಬು ಗಂಟು ಎದ್ದವು. ಕಾಲು ಗಂಟೆಯಲ್ಲಿ ನಾನು ಎಡಗೈಯಲ್ಲಿ ಅರ್ಧ ಮಾರುದ್ದದ ಹಾಗಲಕಾಯಿ ಹಿಡಿದು, ಬಲಗೈಯಲ್ಲಿ ಹಸಿರು ರಸದ ಲೋಟ ಎತ್ತಿ, ಲೋಕವೇ ಗೆದ್ದವನಂತೆ ನಗುತ್ತಿದ್ದೆ. ಕೆಳಗಿನ ಅಕ್ಷರಗಳಲ್ಲಿ ಪಾನೀಯದ ಹೆಸರನ್ನು ಅಳಿಸಿ 'ಹಾಗಲಕಾಯಿ' ಎಂದು ಬರೆದ. 'ಸಕ್ಕರೆ ಇಲ್ಲ!' ಎಂಬುದನ್ನು ಹಾಗೇ ಬಿಟ್ಟ. ಅದು ಈಗ ನಿಜವಾಗಿತ್ತು.

ಎರಡು ತಿಂಗಳ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಅವನು ಹೇಳಿದ, "ಚಿತ್ರ ನಾನು ಬರೆದಾಯ್ತು ಶಾಮ. ಇನ್ನು ಕುಡಿಯೋದು ನಿಂದು. ಕಮಲಾ, ಇವನಿಗೂ ಒಂದು ಲೋಟ ತಾ."

ಡಾಕ್ಟರು ಮಾತ್ರೆಯ ಕಡೆ ಗಮನ ಕೊಡಿ ಎಂದಿದ್ದರೂ, ಕಮಲಮ್ಮ ತಮ್ಮ ಸಮಾಧಾನಕ್ಕೆ ಅವನಿಗೆ ದಿನಾ ಹಾಗಲಕಾಯಿ ಅರೆದು ಕುಡಿಸುತ್ತಿದ್ದರು. ಸ್ಟೀಲ್ ಲೋಟ ತುಂಬ ತಂದರು, ಅಂಚಿನವರೆಗೂ. ನಾನು ಮೂಗು ಹಿಡಿದೆ. "ಹಾಗಲ್ಲ" ಎಂದ ನಂಜುಂಡ ಕ್ಯಾಲೆಂಡರು ತೋರಿಸಿ. "ಅಲ್ಲಿ ಹೇಗೆ ನಗ್ತಿದೀಯೋ ಹಾಗೆ ನಗ್ತಾ ಕುಡಿ. ಜನ ನಂಬೋ ಮುಖ ಅಲ್ವಾ ನಿಂದು?"

ನಗುತ್ತಾ ಕುಡಿದೆ. ಮೊದಲ ಗುಟುಕು ನಾಲಗೆ ದಾಟುವವರೆಗೆ ನಗು ಇತ್ತು. ಆಮೇಲೆ ಏನಾಯಿತೆಂದು ನನಗೆ ಕಾಣಿಸಲಿಲ್ಲ, ಮುಖ ನನ್ನದೇ ಆದ್ದರಿಂದ. ಒಂದು ಕಣ್ಣು ಮುಚ್ಚಿಕೊಂಡಿತಂತೆ, ಇನ್ನೊಂದು ಹಣೆಗೆ ಹತ್ತಿತಂತೆ, ಕಿವಿಗಳೆರಡೂ ಹಿಂದಕ್ಕೆ ಸರಿದವಂತೆ, ನಾಲಗೆ ತಾನಾಗಿ ಪೂರ್ತಿ ಹೊರಬಂತಂತೆ. "ಸಿಂಹ! ಸಿಂಹ!" ಎಂದು ಕೂಗಿ ನಂಜುಂಡ ನಕ್ಕ. ನಂಬರಿಲ್ಲದ ನಗು ಅದು. ಹೊಟ್ಟೆ ಹಿಡಿದುಕೊಂಡ, ಮೇಜು ಗುದ್ದಿದ, ಬಣ್ಣದ ನೀರು ಚೆಲ್ಲಿದ. ಕಮಲಮ್ಮ ಗೋಡೆ ಹಿಡಿದು ಕೂತೇಬಿಟ್ಟರು. ನಾನೂ ನಕ್ಕೆ, ಅಳುತ್ತಾ. ಕಹಿಗೋ ಇನ್ನಾವುದಕ್ಕೋ ನೀವೇ ತಿಳಿದುಕೊಳ್ಳಿ.

ಮರುದಿನದಿಂದ ನಾವಿಬ್ಬರೂ ಬಣ್ಣದ ಡಬ್ಬಿ ಹಿಡಿದು ಮನೆಮನೆಗೆ ಹೊರಟೆವು. ಕ್ಯಾಲೆಂಡರು ಕೊಡಿ ಎಂದಾಗ ಬಾಗಿಲು ಹಾಕಿದವರೇ, ಚಿತ್ರ ಬರೆಯುತ್ತೇವೆ ಎಂದಾಗ ಕುರ್ಚಿ ಕೊಟ್ಟು ಕಾಫಿ ಕೊಟ್ಟರು. ಸಿಲಿಂಡರಿನ ಗುರುತೂ ಉಳಿಯಿತು, ಮೊಮ್ಮಗುವಿನ ಗಳಿಗೆಯೂ ಉಳಿಯಿತು. ಪ್ರತಿ ಮನೆಯಲ್ಲಿ ನಾನು ಬೆಲ್ಲದ ವಿಷಯ, ಅಂಟುವಾಳದ ವಿಷಯ ಹೇಳುವುದು, ಅವನು ಹಾಗಲಕಾಯಿ ಬರೆಯುವುದು. ನರ್ಸಿಂಗ್ ಹೋಮಿನದಕ್ಕೆ ಮಾತ್ರ ನಂಜುಂಡ ವಿಶೇಷ ಶ್ರದ್ಧೆಯಿಂದ ಎರಡು ಹಾಗಲಕಾಯಿ ಬರೆದ. ಸಿರಿತಂಪಿನ ಮ್ಯಾನೇಜರು ಸಿಟ್ಟಾಗಬಹುದು ಎಂದುಕೊಂಡಿದ್ದೆ. ಅಷ್ಟರಲ್ಲಿ ಅವನು ಕಂಪನಿ ಬಿಟ್ಟು ಸೊಳ್ಳೆಬತ್ತಿ ಮಾರಲು ಹೋಗಿದ್ದನಂತೆ.

ಈಗ ವರ್ಷಗಳಾದವು. ಪಾರ್ಕಿನಲ್ಲಿ ಮೂರನೇ ನಂಬರಿಗೆ ಮತ್ತೆ ಕಾಫಿ ನಗೆಯೇ ಬಂದಿದೆ, ಲೋಟದಲ್ಲಿ ಮೊದಲಿನಂತೆ ಏನೂ ಇಲ್ಲ. ನನ್ನ ಬಲಕ್ಕೆ ನಂಜುಂಡ ನಿಲ್ಲುತ್ತಾನೆ. ಅದು ಮುಗಿದ ಮೇಲೆ ಅವನು ಚೀಲದಿಂದ ಫ್ಲಾಸ್ಕು ತೆಗೆದು ನನಗೆ ಒಂದು ಲೋಟ ನಿಜವಾದ ಹಾಗಲಕಾಯಿ ರಸ ಬಗ್ಗಿಸುತ್ತಾನೆ. ಕೂಟದವರೆಲ್ಲ ಸುತ್ತ ನಿಂತು ಕಾಯುತ್ತಾರೆ. ನಾನು ಎಲ್ಲರೆದುರು ಕುಡಿಯುತ್ತೇನೆ. ನನ್ನ ಮುಖ ನೋಡಿ ಅವರು ಬಿದ್ದು ಬಿದ್ದು ನಗುತ್ತಾರೆ. ಇಷ್ಟು ವರ್ಷಗಳಲ್ಲಿ ನನ್ನನ್ನು ನೋಡಿ ಹಾಗಲಕಾಯಿ ರಸ ಕುಡಿಯಲು ಶುರುಮಾಡಿದವರು ಒಬ್ಬರೂ ಇಲ್ಲ. ಆ ಮುಖ ನೋಡಿದ ಮೇಲೆ ಯಾರು ತಾನೇ ಕುಡಿದಾರು? ನಾನು ಕೊಟ್ಟ ಜಾಹೀರಾತುಗಳಲ್ಲಿ ಪ್ರಾಮಾಣಿಕವಾದದ್ದು ಇದೊಂದೇ.